ಇಲಿಗೂಡಿನ ಎಡವಟ್ಟು

ಅಕ್ಕಾ,

ಈ ಪ್ರಯೋಗಾಲಯಕ್ಕೆ ಬಂದು ವಾರವಾಗಿಲ್ಲ, ಆಗಲೇ ತಲೆ ಚಿಟ್ಟು ಹಿಡಿದಿದೆ. ಸತ್ತ ಇಲಿಗಳ ಎದೆಯಿಂದ ಥೈಮಸ್ ಗ್ರಂಥಿ ತೆಗೆಯುವುದು ನನ್ನ ಕೆಲಸ. ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಪಳಗುವುದು ಅಲ್ಲೇ. ಅವರೆಕಾಳಿನಷ್ಟಿರಬೇಕಾದದ್ದು ಮೂರು ದಿನವೂ ಅಕ್ಕಿಕಾಳಿನಷ್ಟೇ ಸಿಕ್ಕಿತು. “ಕತ್ತರಿಸಿ ಹಾಳು ಮಾಡ್ತಿದ್ದೀಯಮ್ಮ!” ಎಂದು ಮುಖ್ಯಸ್ಥರು ಎಲ್ಲರೆದುರು ಬೈದರು. ಇವತ್ತು ಸಿಟ್ಟಿನಲ್ಲಿ ಒಂದು ಇಲಿಯ ಹೊಟ್ಟೆಯನ್ನೂ ಸೀಳಿದೆ. ಮಣಿ ಪೋಣಿಸಿದಂತೆ ಎಂಟು ಮರಿ! ಬಸಿರಾದರೆ ಆ ಗ್ರಂಥಿ ಕುಗ್ಗುತ್ತದೆ, ಹೆತ್ತ ಮೇಲೆ ಮತ್ತೆ ಬೆಳೆಯುತ್ತದೆ. ಗಂಡಿಲಿಯನ್ನು ಈ ಹೆಣ್ಣಿಲಿಗಳ ಗೂಡಿಗೆ ಬಿಟ್ಟವರು ಮುಖ್ಯಸ್ಥರೇ. ತೋರಿಸಿದರೆ, “ಮೊದಲೇ ನೋಡ್ಬಾರ್ದಿತ್ತಾ?” ಅಂತೆ!

ನನಗೆ ಶೀತ, ವಾಂತಿ. ಸುಮ್ಮಸುಮ್ಮನೆ ಮಾತ್ರೆ ನುಂಗಬೇಡ ಎಂದಿದ್ದಾರೆ ಡಾಕ್ಟರಮ್ಮ. ನನಗೂ ಈಗ ಮೂರು ತಿಂಗಳಂತೆ. ಅಮ್ಮನಿಗೆ ಮೆಲ್ಲಗೆ ಹೇಳು, ಗಂಟುಮೂಟೆ ಕಟ್ಟಿಕೊಂಡು ಬಂದೇಬಿಡುತ್ತಾಳೆ. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ