ಅವಳ ಹೆಸರಿಗೆ ತೆಗೆದಿಟ್ಟ ರಕ್ತ

ಮಾರ್ಚ್ ೯, ಭಾನುವಾರ, ಮಧ್ಯಾಹ್ನ

ನನ್ನ ಮಗನಿಗೆ,

ಅಮ್ಮನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ಆದರೆ ‘ನಾವೆಲ್ಲ’ ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತದೆ. ಆದ್ದರಿಂದ ನಾನೂ ನಿನ್ನ ಅಪ್ಪನೂ ಉಣ್ಣುತ್ತೇವೆ, ಮಲಗುತ್ತೇವೆ, ಏಳುತ್ತೇವೆ ಎಂದಷ್ಟೇ ತಿಳಿದುಕೋ.

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಹೊಲಿಗೆ ಕೆಲಸ ಹೆಚ್ಚಿತ್ತು ಎಂದು ನೆಪ ಹೇಳಬಹುದು, ಆದರೆ ಅದು ನಿಜವಲ್ಲ. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಎದ್ದೆ. ಫೋನು ಮಾಡೋಣವೆಂದರೆ ನಾವಿಬ್ಬರೂ ‘ಊಟ ಆಯ್ತಾ, ಆಯ್ತು’ ಎನ್ನುವಲ್ಲಿಂದ ಮುಂದೆ ಹೋಗಿಲ್ಲ, ಎಷ್ಟೋ ವರ್ಷದಿಂದ.

ನೀನು ಬರೆದದ್ದಾದರೂ ಎಷ್ಟು? ‘ಅಮ್ಮ, ಮದ್ವೆ ಆಗೋಣ ಅಂತಿದೀನಿ. ನಾನು ಲಿಫ್ಟ್ ರಿಪೇರಿಗೆ ಹೋಗೋ ಕಟ್ಟಡದಲ್ಲಿ ಕೆಲಸ ಮಾಡೋ ಹುಡುಗಿ. ಅಕ್ಕನ ವಿಷಯ ಎಲ್ಲಾ ಹೇಳಿದೀನಿ. ನನ್ನ ರಕ್ತದಲ್ಲೂ ಅದು ಇದ್ಯಾ ಅಂತ ಕೇಳ್ತಿದಾಳೆ. ರಿಪೋರ್ಟ್ ಇದ್ರೆ ಕಳ್ಸು.’ ಎರಡು ಮಹಡಿಯ ನಡುವೆ ನಿಂತು ಗೀಚಿದ ಹಾಗಿತ್ತು. ಆದರೂ ಓದಿ ಸಂತೋಷವಾಯಿತು. ಹುಡುಗಿ ಮೊದಲೇ ಕೇಳಿದ್ದಾಳಲ್ಲ, ಜಾಣೆ. ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ.

ರಿಪೋರ್ಟಿನ ನಕಲು ಇದರ ಜೊತೆಗಿದೆ. ಅದರಲ್ಲಿರುವುದನ್ನು ನಾನೇ ಹೇಳಿಬಿಡುತ್ತೇನೆ. ಇದೆ, ಮಗನೆ. ನಿನ್ನ ರಕ್ತದಲ್ಲೂ ಅರ್ಧ ಇದೆ, ನನ್ನಲ್ಲೂ ನಿನ್ನ ಅಪ್ಪನಲ್ಲೂ ಇರುವ ಹಾಗೆ. ಇದು ಕಾಯಿಲೆಯಲ್ಲ. ನಿನಗೆ ಯಾವತ್ತೂ ರಕ್ತ ಏರಿಸಬೇಕಾಗಿಲ್ಲ, ಮಾತ್ರೆ ನುಂಗಬೇಕಾಗಿಲ್ಲ. ಸ್ವಲ್ಪ ಬಿಳಿಚಿಕೊಂಡಿರುತ್ತೀಯ, ಅಷ್ಟೆ. ಬೀಗದಂಗಡಿಯ ನಿನ್ನ ಅಪ್ಪ ತನ್ನ ಭಾಷೆಯಲ್ಲೇ ಹೇಳುತ್ತಿದ್ದರು: ‘ಒಬ್ಬೊಬ್ರಿಗೂ ಎರಡೆರಡು ಕೀಲಿ. ಒಂದು ಸವೆದಿದ್ರೂ ಇನ್ನೊಂದರಲ್ಲಿ ಬಾಗಿಲು ತೆಗೀಬಹುದು. ನಮ್ಮ ಮಗಳಿಗೆ ಅಪ್ಪನಿಂದ ಬಂದಿದ್ದೂ ಸವೆದದ್ದು, ಅಮ್ಮನಿಂದ ಬಂದಿದ್ದೂ ಸವೆದದ್ದು.’

ಆ ಹುಡುಗಿಯ ರಕ್ತವನ್ನೂ ಪರೀಕ್ಷೆ ಮಾಡಿಸು. ರಕ್ತದ ಗುಂಪು ನೋಡಿದರೆ ಸಾಲದು. ಅಕ್ಕನಿಗಿದ್ದ ಥಲಸ್ಸೀಮಿಯಾ ಇದೆಯೇ ಎಂದು ನೋಡುವ ಪರೀಕ್ಷೆಯೇ ಬೇರೆ, ಹಾಗೆಂದೇ ಕೇಳಬೇಕು. ಅವಳಲ್ಲಿ ಇಲ್ಲದಿದ್ದರೆ ನಿಮಗೆ ಹುಟ್ಟುವ ಮಕ್ಕಳು ಅಕ್ಕನ ಹಾಗೆ ಆಗುವುದಿಲ್ಲ. ಅವಳಲ್ಲೂ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಭಯ. ಹಾಗೆಂದು ಆ ಹುಡುಗಿಯನ್ನು ಬಿಡು ಎನ್ನುವುದಿಲ್ಲ. ಮೂರನೇ ತಿಂಗಳಲ್ಲೇ ನೋಡಿ ತಿಳಿಯುವ ಕಾಲ ಇದು. ನೀನು ಹೊಟ್ಟೆಯಲ್ಲಿದ್ದಾಗ ನಾನೂ ಹಾಗೇ ಮಾಡಿಸಿದ್ದೆ.

ಇಷ್ಟು ಬರೆದ ಮೇಲೆ ನಿನಗೆ ಬೇಕಾದದ್ದು ಮುಗಿಯಿತು. ಇನ್ನು ಮುಂದಿನದು ನನಗೆ ಬೇಕಾದದ್ದು. ಡಿಸೆಂಬರಿನಲ್ಲಿ ನೀನು ಬಂದು ಮೂರು ದಿನ ಇದ್ದೆ. ಅಕ್ಕನ ಕೊನೆಯ ದಿನಗಳ ಬಗ್ಗೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂವತ್ತಮೂರು ವರ್ಷ ಅವಳನ್ನು ಬದುಕಿಸಿದ್ದು ಬೇರೆಯವರ ರಕ್ತ. ಕೊಂದದ್ದು ಆ ರಕ್ತದ ಜೊತೆ ಬಂದ ಕಬ್ಬಿಣ. ಅದು ಮೈಬಿಟ್ಟು ಹೋಗುವುದಿಲ್ಲ, ಲಿವರಿನಲ್ಲಿ, ಹೃದಯದಲ್ಲಿ ಕೂತುಬಿಡುತ್ತದೆ. ಅದನ್ನು ಇಳಿಸುವ ಔಷಧಿಯನ್ನು ಅವಳು ಹದಿನೇಳನೇ ವಯಸ್ಸಿನಿಂದ ಹತ್ತೊಂಬತ್ತರವರೆಗೆ ಕದ್ದುಮುಚ್ಚಿ ನಿಲ್ಲಿಸಿಬಿಟ್ಟಿದ್ದಳಂತೆ. ಆಗ ಅದು ಮಾತ್ರೆಯಲ್ಲ, ರಾತ್ರಿಯಿಡೀ ಸೂಜಿಯಲ್ಲಿ ಇಳಿಯುವ ಔಷಧಿ; ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಗೆಳತಿಯರ ಮನೆಯಲ್ಲಿ ಉಳಿಯುವುದು ಹೇಗೆ ಎಂದು ನಾಚಿಕೆ. ನಾನು ತುಂಬಿಸಿಕೊಟ್ಟ ಔಷಧಿ ಬಚ್ಚಲಿಗೆ ಹೋಗುತ್ತಿತ್ತು. ಇದನ್ನು ಅವಳೇ ಹೇಳಿದಳು, ನವೆಂಬರಿನಲ್ಲಿ, ನಗುತ್ತಾ. ‘ಬೈಬೇಕು ಅಂದ್ರೆ ಈಗ್ಲೇ ಬೈಯಮ್ಮ, ಆಮೇಲೆ ಸಿಗಲ್ಲ.’ ನಾನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ.

ಕಾಲು ಬಾತು ಚಪ್ಪಲಿಗೆ ಹಿಡಿಯದಾದಾಗ ಆಸ್ಪತ್ರೆಗೆ ಸೇರಿಸಿದೆವು. ಹಾಸಿಗೆಯಲ್ಲೂ ಸುಮ್ಮನಿರಲಿಲ್ಲ. ತಾನು ಕೆಲಸ ಮಾಡುತ್ತಿದ್ದ ಕನ್ನಡಕದಂಗಡಿಯಿಂದ ಸಣ್ಣ ಸ್ಕ್ರೂಡ್ರೈವರ್ ತರಿಸಿಕೊಂಡು ವಾರ್ಡಿನಲ್ಲಿದ್ದವರ ಸಡಿಲ ಕನ್ನಡಕಗಳನ್ನೆಲ್ಲ ಬಿಗಿ ಮಾಡಿದಳು. ಹೆಡ್ ನರ್ಸಿಗೆ ಅವಳು ‘ಹೆಡ್ಮಿಸ್ಟ್ರೆಸ್’ ಎಂದು ಹೆಸರಿಟ್ಟಿದ್ದು ನಿನಗೆ ಗೊತ್ತಲ್ಲ. ಆಕೆಯ ಕನ್ನಡಕವನ್ನೂ ಬಿಡಲಿಲ್ಲ. ‘ಈಗ ಸರಿಯಾಗಿ ನೋಡಿ ಚುಚ್ಚಿ, ಹೋದ ವಾರ ನರ ತಪ್ಪಿತ್ತು’ ಎಂದಳು. ಆಕೆ ನಗುತ್ತಾ ಆಚೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ನಾನು ನೋಡಿದೆ.

ಗುರುವಾರ ಬೆಳಗ್ಗೆ ಹತ್ತು ಗಂಟೆ. ಅಪ್ಪ ಚಹಾ ತರಲು ಹೋಗಿದ್ದರು. ‘ಅಮ್ಮ, ದಿಂಬು ಸ್ವಲ್ಪ ಮೇಲೆ ಮಾಡು’ ಎಂದಳು. ಮಾಡಿದೆ. ಅಷ್ಟೆ. ಅಪ್ಪ ಮೂರು ಲೋಟ ಹಿಡಿದು ಬಂದರು.

ಮರುದಿನ ನೀನು ಇನ್ನೂ ದಾರಿಯಲ್ಲಿದ್ದೆ. ಮನೆಯ ತುಂಬ ಜನ. ನನ್ನ ಫೋನು ಹೊಡೆದುಕೊಂಡಿತು. ಬ್ಲಡ್ ಬ್ಯಾಂಕಿನ ಟೆಕ್ನೀಷಿಯನ್. ಹಗಲೆಲ್ಲ ಫ್ರಿಜ್ಜಿನ ಮುಂದೆಯೇ ನಿಂತಿರುತ್ತಾನೆಂದು ಅಕ್ಕ ಅವನನ್ನು ‘ಫ್ರಿಜ್ಜಣ್ಣ’ ಎನ್ನುತ್ತಿದ್ದಳು. ನಿನ್ನ ಅಪ್ಪ ಒಂದು ಸಲ ‘ಇಷ್ಟು ತಣ್ಣಗಿರೋದನ್ನ ಮಗು ಮೈಗೆ ಬಿಡ್ತೀರಾ, ಬಿಸಿನೀರಲ್ಲಿ ಇಟ್ಟು ಕೊಡ್ಲಾ?’ ಎಂದು ಕೇಳಿ ಅವನಿಂದ ಬೈಸಿಕೊಂಡಿದ್ದರು. ‘ಸ್ವಾಮಿ, ಇದು ಸಾರಲ್ಲ. ಬಿಸಿ ಮಾಡಿದ್ರೆ ಕಣಗಳು ಒಡೆದು ವಿಷ ಆಗುತ್ತೆ.’ ಅಂಥ ಮನುಷ್ಯ ಅವತ್ತು ತೊದಲುತ್ತಿದ್ದ.

‘ಅಮ್ಮಾ, ಇದನ್ನ ಕೇಳೋದು ತಪ್ಪು. ಶನಿವಾರಕ್ಕೆ ಅಂತ ಅವಳ ಹೆಸರಿಗೆ ಎರಡು ಬ್ಯಾಗು ತೆಗೆದಿಟ್ಟಿದೀನಿ. ಹೊಂದಿಸಿ ನೋಡಿ ಚೀಟಿ ಅಂಟಿಸಿಬಿಟ್ಟಿದೀನಿ. ನಿಯಮದ ಪ್ರಕಾರ ಚೀಟಿ ಕಿತ್ತು ವಾಪಸ್ ಇಡಬೇಕು, ಯಾರನ್ನೂ ಕೇಳಬೇಕಾಗಿಲ್ಲ. ಆದ್ರೆ ಇಪ್ಪತ್ತು ವರ್ಷದಿಂದ ಅವಳಿಗೆ ನಾನೇ ಆರಿಸಿ ಕೊಟ್ಟಿದ್ದು. ನಿಮಗೊಂದು ಮಾತು ಹೇಳ್ದೆ ಕೈ ಬರ್ತಿಲ್ಲ.’

‘ಯಾರಿಗಾದ್ರೂ ಬೇಕಾಗಿದ್ಯಾ?’ ಎಂದೆ.

‘ಬೇಕು. ಈಗ್ಲೇ ಬೇಕು.’

‘ಕೊಡಪ್ಪ’ ಎಂದೆ. ಕೊಟ್ಟೆ ಎನ್ನಲು ಅದು ನನ್ನದೇನು, ಯಾರೋ ಪುಣ್ಯಾತ್ಮ ಕೊಟ್ಟದ್ದು. ಆದರೂ ಆ ಒಂದು ಮಾತಿನಲ್ಲೇ ನನ್ನ ಮಗಳು ಸತ್ತದ್ದು ನನಗೆ ತಿಳಿಯಿತು. ಅದಕ್ಕೆ ಮೊದಲು ತಿಳಿದಿರಲಿಲ್ಲ.

ನಿನ್ನ ಅಪ್ಪನ ಪಾಡು ಕೇಳಬೇಡ. ಅವಳನ್ನು ರಕ್ತಕ್ಕೆ ಕರೆದೊಯ್ಯಲು ಮೂರು ವಾರಕ್ಕೊಮ್ಮೆ ಶನಿವಾರ ಅಂಗಡಿ ಮುಚ್ಚುವುದು ಅವರಿಗೆ ಉಸಿರಾಟದ ಹಾಗೆ ಆಗಿಹೋಗಿದೆ. ಅವಳು ಹೋದ ಮೇಲಿನ ಮೊದಲ ಸಲವೂ ಮುಚ್ಚಿದರು, ಬೂಟು ಹಾಕಿಕೊಂಡರು, ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದವರೆಗೂ ಬೂಟು ಬಿಚ್ಚಲಿಲ್ಲ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಶನಿವಾರ ನಾನೇ ‘ಏಳಿ, ಹೋಗೋಣ’ ಎಂದೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ.

ಮನೆಯಲ್ಲಿ ಕಬ್ಬಿಣ ಇಳಿಸುವ ಮಾತ್ರೆಯ ನಾಲ್ಕು ಡಬ್ಬಿ ಸೀಲು ಒಡೆಯದೆ ಉಳಿದಿದ್ದವು. ಅವನ್ನು ಚೀಲದಲ್ಲಿಟ್ಟುಕೊಂಡು ಹೋದೆವು. ಹೆಡ್ಮಿಸ್ಟ್ರೆಸ್ ತಾರೀಕು ನೋಡಿ, ಡಾಕ್ಟರಿಗೆ ತೋರಿಸಿ, ಒಳಗಿಟ್ಟುಕೊಂಡಳು. ವಾರ್ಡು ಹಾಗೆಯೇ ಇದೆ: ಆರು ಹಾಸಿಗೆ, ರಕ್ತದ ಬ್ಯಾಗು ತೂಗುವ ಆರು ಕಂಬ, ಕಿಟಕಿಯ ಬಳಿಯ ಕಿರುಗುಟ್ಟುವ ಫ್ಯಾನು. ಅಕ್ಕನ ಹಾಸಿಗೆಯಲ್ಲಿ ಮೂರು ವರ್ಷದ ಹೆಣ್ಣುಮಗು ಕೂತು ಬಿಸ್ಕತ್ತು ತಿನ್ನುತ್ತಿತ್ತು. ಸೂಜಿ ಅಲುಗದಿರಲೆಂದು ಕೈಗೆ ಹಲಗೆ ಕಟ್ಟಿದ್ದರು. ಇಬ್ಬರು ನರ್ಸುಗಳು ಬ್ಯಾಗಿನ ಮೇಲಿನ ಹೆಸರು, ಸಂಖ್ಯೆ, ಗುಂಪು ಎಲ್ಲವನ್ನೂ ಒಬ್ಬರು ಓದಿ ಇನ್ನೊಬ್ಬರು ನೋಡಿ ಸರಿಮಾಡಿಕೊಂಡರು. ಮೊದಲ ಹದಿನೈದು ನಿಮಿಷ ಒಬ್ಬಾಕೆ ಪಕ್ಕದಲ್ಲೇ ನಿಂತಳು. ಚಳಿ ಬರುತ್ತದೋ, ಮೈ ತುರಿಸುತ್ತದೋ, ಬೆನ್ನು ನೋಯುತ್ತದೋ ನೋಡಬೇಕಲ್ಲ. ನಾನೂ ನನಗೆ ತಿಳಿಯದ ಹಾಗೆ ಗಡಿಯಾರ ನೋಡುತ್ತಾ ನಿಂತಿದ್ದೆ.

ಆ ಮಗುವಿನ ತಾಯಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನನ್ನ ಚೀಲ ನೋಡಿ ಹಳಬಳೆಂದು ತಿಳಿದಳು.

‘ನಿಮ್ಮ ಮಗೂಗೂ ಇದೇನಾ ಆಂಟಿ?’

‘ಹೌದಮ್ಮ, ಮಗಳು.’

‘ಎಷ್ಟು ವಯಸ್ಸು?’

‘ಮೂವತ್ತಮೂರು.’

ಅವಳ ಮುಖ ಅರಳಿದ ಬಗೆಯನ್ನು ನೀನು ನೋಡಬೇಕಿತ್ತು. ‘ಅಷ್ಟು ವರ್ಷ ಇರ್ತಾರಾ? ನಮ್ಮತ್ತೆ ಹತ್ತು ದಾಟಲ್ಲ ಅಂತಾರೆ. ಕೆಲ್ಸಕ್ಕೆಲ್ಲಾ ಹೋಗ್ತಾರಾ? ಇವತ್ತು ಬಂದಿಲ್ವಾ?’

ನಿನ್ನ ಅಪ್ಪ ಕಿಟಕಿಯ ಕಡೆ ತಿರುಗಿದರು. ನಾನು ‘ಕೆಲಸಕ್ಕೆ ಹೋಗಿದಾಳೆ. ಕನ್ನಡಕದ ಅಂಗಡಿ’ ಎಂದೆ. ಬಾಯಿಗೆ ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ‘ಈಗ ಔಷಧಿ ಚೆನ್ನಾಗಿದೆಯಮ್ಮ, ನಮ್ಮ ಕಾಲದ ಹಾಗಲ್ಲ. ಒಂದು ದಿನವೂ ತಪ್ಪಿಸಬೇಡ. ದೊಡ್ಡವಳಾದ ಮೇಲೆ ನುಂಗಿದಳಾ ಅಂತ ನಿಂತು ನೋಡು. ನಾಚಿಕೆ ಪಡ್ತಾಳೆ, ಸಿಟ್ಟಾಗ್ತಾಳೆ, ಆದ್ರೂ ನೋಡು’ ಎಂದೆ. ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಹೆಡ್ಮಿಸ್ಟ್ರೆಸ್ ಎಲ್ಲವನ್ನೂ ಕೇಳಿಸಿಕೊಂಡು ಪಕ್ಕದ ಹಾಸಿಗೆಯ ಬ್ಯಾಗು ನೋಡಲು ಹೋದಳು.

ಅಲ್ಲಿಂದ ಕೆಳಗಿಳಿದು ಬ್ಲಡ್ ಬ್ಯಾಂಕಿಗೆ ಹೋದೆ. ‘ನನ್ನ ರಕ್ತ ತಗೊಳ್ಳಪ್ಪ, ಇಷ್ಟು ವರ್ಷ ತಗೊಂಡು ಹೋಗಿದ್ದೇ ಆಯ್ತು’ ಎಂದೆ ಫ್ರಿಜ್ಜಣ್ಣನಿಗೆ. ಅವನಿಗೆ ಉತ್ತರ ಗೊತ್ತಿತ್ತು. ಆದರೂ ಮರ್ಯಾದೆಗೆ ಬೆರಳು ಚುಚ್ಚಿ ನೋಡಿದ. ‘ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. ನಿಮ್ಮದು ಹತ್ತು. ನಿಮ್ಮ ಹತ್ರ ತಗೊಂಡ್ರೆ ನಿಮಗೇ ಒಂದು ಬ್ಯಾಗು ಕೊಡಬೇಕಾಗುತ್ತೆ.’ ನಗಿಸಲು ಹೇಳಿದ್ದು; ನಕ್ಕೆ. ಆಮೇಲೆ ಆ ಎರಡು ಬ್ಯಾಗು ಯಾರಿಗೆ ಹೋದವು ಎಂದು ಕೇಳಿದೆ.

‘ಹೇಳೋ ಹಾಗಿಲ್ಲ ಅಮ್ಮ.’ ರಿಜಿಸ್ಟರಿನ ಮೂಲೆ ಮಡಚಿದ. ‘ನಡ್ಕೊಂಡು ಮನೆಗೆ ಹೋದ್ರು. ಅಷ್ಟು ಹೇಳ್ತೀನಿ.’

ಬಸ್ಸಿನಲ್ಲಿ ನಿನ್ನ ಅಪ್ಪನಿಗೆ ಇದನ್ನು ಹೇಳಿದೆ. ಮನೆಗೆ ಬಂದು ಬೂಟು ಬಿಚ್ಚಿ ಅಂಗಡಿಗೆ ಹೋದರು. ಅಂದಿನಿಂದ ಶನಿವಾರ ಮುಚ್ಚುತ್ತಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯುತ್ತಿಲ್ಲ.

ಅಕ್ಕನ ಹಾಸಿಗೆ ಬಟ್ಟೆ ತೆಗೆದಿದ್ದೇನೆ. ಕೋಣೆಯಲ್ಲಿ ಈಗ ನನ್ನ ಹೊಲಿಗೆ ಮೆಷಿನ್ನು ಇದೆ, ಬೆಳಕು ಚೆನ್ನಾಗಿದೆ. ನೀವಿಬ್ಬರೂ ಬಂದರೆ ಅದನ್ನು ಆಚೆಗಿಡುತ್ತೇನೆ. ಬರುವುದಾದರೆ ಮೊದಲೇ ತಿಳಿಸು. ಹುಡುಗಿಗೆ ನನ್ನ ಆಶೀರ್ವಾದ ಹೇಳು, ಅವಳ ರಿಪೋರ್ಟು ಏನೇ ಬಂದರೂ ನನ್ನ ಆಶೀರ್ವಾದ ಬದಲಾಗುವುದಿಲ್ಲವೆಂದು ಹೇಳು. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟು ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ಉಳಿಸಿದ್ದು. ಅಕ್ಕನ ಕಾಯಿಲೆ ಗುಣವಾಗಲು ಮೂಳೆಯ ಮಜ್ಜೆ ಕೊಡಲಿ ಎಂದೇ ನಿನ್ನನ್ನು ಹೆತ್ತೆವೆಂದು ನಿನಗೆ ಗೊತ್ತು. ಅಜ್ಜಿ ಬಾಯಿ ತಡೆಯದೆ ಹೇಳಿಬಿಟ್ಟಿದ್ದಳು. ನಿನಗೆ ಐದು ವರ್ಷವಾದಾಗ ಪರೀಕ್ಷೆ ಮಾಡಿದರು. ಅಕ್ಕ ರಕ್ತ ಏರಿಸಿಕೊಳ್ಳುತ್ತಾ ಮಲಗಿದ್ದಾಗಲೇ ಡಾಕ್ಟರು ಬಂದು ಹೊಂದಲಿಲ್ಲ ಎಂದರು. ನೀನು ನನ್ನ ಕೈ ಜಗ್ಗಿ ಕೇಳಿದೆ: ‘ಅಮ್ಮ, ನಾನು ಫೇಲಾದ್ನಾ?’ ನಾನು ‘ಹೂಂ’ ಎಂದೆ. ನೀನು ಬಾಗಿಲಾಚೆ ಹೋಗಿ ನಿಂತೆ. ಆಮೇಲೆ ಯಾವತ್ತೂ ಆ ವಾರ್ಡಿನೊಳಗೆ ಬರಲಿಲ್ಲ.

ಅವತ್ತು ಸಂಜೆ ಅಕ್ಕ ನಿನ್ನನ್ನು ಕೂರಿಸಿಕೊಂಡು, ‘ಅಮ್ಮಂಗೆ ನೀನು ಕೇಳಿದ್ದು ಕಿವಿಗೇ ಬಿದ್ದಿಲ್ಲ ಕಣೋ, ಡಾಕ್ಟ್ರ ಮಾತೇ ಯೋಚನೆ ಮಾಡ್ತಾ ಸುಮ್ನೆ ಹೂಂ ಅಂದ್ಲು’ ಎಂದಳು. ಇಪ್ಪತ್ತೊಂದು ವರ್ಷ ಅವಳೂ ಅದನ್ನೇ ನಂಬಿಕೊಂಡಿದ್ದಳು. ಸಾಯುವುದಕ್ಕೆ ಒಂದು ವಾರ ಮೊದಲು ನನ್ನನ್ನು ಕೇಳಿದಳು, ‘ನಿಂಗೆ ನಿಜವಾಗ್ಲೂ ಕೇಳ್ಸಿರಲಿಲ್ಲ ಅಲ್ವಾ ಅಮ್ಮ?’ ಇಲ್ಲ ಎಂದೆ. ಸಾಯುವವಳಿಗೆ ಸುಳ್ಳು ಹೇಳಿದೆ. ನಿನಗೂ ಸುಳ್ಳು ಹೇಳಲಾರೆ.

ನನಗೆ ಕೇಳಿಸಿತ್ತು, ಮಗನೆ.