ನಾಳೆ ನಿಮ್ಮ ದನಿ ತಗ್ಗಿಸುತ್ತೇನೆ

ಬಾವಿಮನೆ, ಮೇಲಿನ ಓಣಿ, ಗುಳೇದಗುಡ್ಡ
೨೧೫೫ನೇ ಇಸವಿ, ದೀಪಾವಳಿ ಕಳೆದ ಮೂರನೆಯ ದಿನ

ಗುರಸಿದ್ದವ್ವ ಅಜ್ಜಿಯವರ ಪಾದಗಳಿಗೆ ನಿಮ್ಮ ಮರಿಮಗನ ಮೊಮ್ಮಗಳು ತುಂಗವ್ವ ಮಾಡುವ ನಮಸ್ಕಾರಗಳು.

ಮೇಲಿನ ಇಸವಿ ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಒಲೆಗೆ ಹಾಕಬೇಡಿ. ನೀವು ಜೋಳ ಹಸನು ಮಾಡುತ್ತಿದ್ದ ಪಡಸಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವೆ ನೂರಮೂವತ್ತು ವರ್ಷ ಇವೆ, ಅಷ್ಟೇ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಮ್ಮ ಕಾಲದ ಹೊಸ ತಾಪತ್ರಯಗಳಿಗೆ ಹಳೆಯ ಮಾತುಗಳು ಸಾಲಲಿಲ್ಲ, ಹೊಸವನ್ನು ಹುಟ್ಟಿಸಿಕೊಂಡೆವು. ಕಾಗದ ನಿಮ್ಮನ್ನು ಮುಟ್ಟುವ ದಾರಿಯೂ ನನಗೆ ಗೊತ್ತಿಲ್ಲ. ಬಾವಿಯ ಗೋಡೆಯ ಕಲ್ಲಿನ ಸಂದಿಯಲ್ಲಿ ಇಡುತ್ತೇನೆ. ಆ ಕಲ್ಲು ನಿಮ್ಮ ಕಾಲದಲ್ಲೂ ಅಲ್ಲೇ ಇತ್ತು.

ಮೊದಲು ‘ಹುಸಿದನಿ’ ಎಂದರೇನೆಂದು ಹೇಳಬೇಕು. ನಮ್ಮಲ್ಲಿ ಯಂತ್ರಗಳು ಯಾರ ದನಿಯಲ್ಲಿ ಏನು ಬೇಕಾದರೂ ಮಾತಾಡುತ್ತವೆ. ಸತ್ತವರು ಆಸ್ತಿ ಬರೆದುಕೊಡುತ್ತಾರೆ, ಇದ್ದವರು ಆಡದ ಮಾತಿಗೆ ಜಗಳಕ್ಕೆ ಬೀಳುತ್ತಾರೆ. ಅದರಿಂದ ರೋಸಿಹೋದ ಹಿರಿಯರು ಒಂದು ಕಟ್ಟಳೆ ಮಾಡಿದರು: ಹಳೆಯ ಯಂತ್ರದಲ್ಲಿ ಹಿಡಿದಿಟ್ಟ ದನಿಯನ್ನು ಅದೇ ಯಂತ್ರದ ಸ್ವಂತ ಬಾಯಿಂದ, ಎಲ್ಲರೂ ಕೂಡಿ ಕೇಳಿದರೆ ಮಾತ್ರ ಅದು ಸಾಕ್ಷಿ. ಬೇರೆ ಸ್ಪೀಕರಿಗೆ ಜೋಡಿಸುವಂತಿಲ್ಲ, ನಕಲು ಮಾಡುವಂತಿಲ್ಲ. ಹಾಗೆ ಕೂತು ಕೇಳುವ ಪಂಚರ ಸಭೆಗೆ ‘ಕಿವಿಕಟ್ಟೆ’ ಎನ್ನುತ್ತೇವೆ. ಮನೆಯ ಹಿರಿಯರ ದನಿ ಕಾಯುವವಳು ‘ದನಿಗಾತಿ’. ನಮ್ಮ ಮನೆಯ ದನಿಗಾತಿ ನಾನೇ. ನಿಮ್ಮ ಲ್ಯಾಪ್‌ಟಾಪ್ ನನ್ನ ಸುಪರ್ದಿಯಲ್ಲಿದೆ.

ಅಜ್ಜಿ, ಅದಕ್ಕೆ ನಾವು ಮಾಡಿರುವ ಮರ್ಯಾದೆ ನೋಡಿದರೆ ನೀವು ಹಣೆ ಹಣೆ ಬಡಿದುಕೊಳ್ಳುತ್ತೀರಿ. ಪ್ರತಿ ಹಿರಿಯರ ಹಬ್ಬದಲ್ಲಿ ಅದನ್ನು ಮಖಮಲ್ಲಿನ ಮೆತ್ತೆಯ ಮೇಲೆ ಕೂರಿಸುತ್ತೇವೆ. ವಿಭೂತಿ ಹಚ್ಚುತ್ತೇವೆ, ಚೆಂಡುಹೂ ಏರಿಸುತ್ತೇವೆ. ಆಮೇಲೆ ವಾಲ್ಯೂಮನ್ನು ಇದ್ದಷ್ಟೂ ಏರಿಸಿ ನಿಮ್ಮ ಮಾತು ಹಚ್ಚುತ್ತೇವೆ, ಏಕೆಂದರೆ ಹಿರಿಯರ ದನಿ ತಗ್ಗಿಸುವುದು ಅಪಚಾರವೆಂದು ನಮಗೆ ಹಾಲು ಕುಡಿಯುವಾಗಿನಿಂದ ಹೇಳಿಕೊಟ್ಟಿದ್ದಾರೆ. ಸ್ಪೀಕರಿನ ತೂತುಗಳು ಯಂತ್ರದ ಹೊಟ್ಟೆಯ ಕೆಳಗಿವೆ. ಮೆತ್ತೆ ಅವನ್ನು ಮುಚ್ಚಿತು, ವಿಭೂತಿ ಒಳಗಿಳಿಯಿತು, ಮಿಕ್ಕ ಕೆಲಸವನ್ನು ನಮ್ಮ ಭಕ್ತಿಯೇ ಮುಗಿಸಿತು. ಈಗ ನಿಮ್ಮ ದನಿ ಗೊರಗೊರ ಎನ್ನುತ್ತದೆ. ನಾವು ಆ ಗೊರಗೊರಕ್ಕೇ ಕೈ ಮುಗಿಯುತ್ತ ಬಂದೆವು.

ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಈ ಬೇಸಗೆಯಲ್ಲಿ ನನ್ನ ಅಣ್ಣ ಮಲ್ಲೇಶಿ ಬಾವಿಗೆ ಕಬ್ಬಿಣದ ಬಾಗಿಲು ಮಾಡಿಸಿ ಕೀಲಿ ಹಾಕಿದ. ಅವನು ಕುಪ್ಪಸದ ಖಣದ ನೂಲಿಗೆ ಬಣ್ಣ ಹಾಕುತ್ತಾನೆ. ಬಣ್ಣದ ಕೊಪ್ಪರಿಗೆಗಳು ನೀರನ್ನು ಕುಡಿದೇ ಕುಡಿಯುತ್ತವೆ, ಬಾವಿಯಲ್ಲಿ ಮೊದಲಿನಷ್ಟು ನೀರಿಲ್ಲ. ಹಿಂದಿನ ಓಣಿಯ ಹೆಂಗಸರು ಕೊಡ ಹಿಡಿದು ಬಂದು ಬಾಗಿಲು ನೋಡಿ ಹಿಂದಿರುಗಿದರು. ಅವರ ಹಿರಿಯಳು ಖಾಜಾಬಿ. ಆಕೆಗೆ ಮಂಡಿ ಬಾಗುವುದಿಲ್ಲ, ಈಗ ಕೆರೆಯ ಏರಿಯತನಕ ನಡೆದು ಸೊಸೆಯ ಜೊತೆ ನೀರು ತರುತ್ತಾಳೆ. ದಾರಿಯಲ್ಲಿ ಸಿಕ್ಕರೆ ನನಗೆ ಬೈಯುವುದಿಲ್ಲ. “ಆರಾಮಿದಿಯೇನವಾ ತುಂಗಾ?” ಎಂದು ಕೇಳುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ಆ ಓಣಿಯವರು ಕಿವಿಕಟ್ಟೆಗೆ ಹೋದರು. ಬಾವಿ ನಮ್ಮದೇ ಎಂದು ಅಜ್ಜಿಯೇ ಹೇಳಿದ್ದಾಳೆ, ಕೇಳಿಕೊಳ್ಳಿ ಎಂದು ಅಣ್ಣ ಎದೆ ತಟ್ಟಿ ಹೇಳಿದ. ನಾಳೆ ಬೆಳಿಗ್ಗೆ ಕೇಳಿಸಬೇಕು.

ಗೊರಗೊರ ಕೇಳಿ ಪಂಚರು ನಗಬಾರದೆಂದು ನಾನು ರಿಪೇರಿಗೆ ಕೂತೆ. ಮೊದಲು ತಪ್ಪು ಎಲ್ಲಿದೆ ತಿಳಿಯಬೇಕಿತ್ತು: ಹಿಡಿದಿಟ್ಟ ದನಿಯೇ ಕೆಟ್ಟಿದೆಯೋ, ಬಾಯಿ ಕೆಟ್ಟಿದೆಯೋ? ಹಳೆಯ ಸಾಮಾನು ಕೂಡಿಹಾಕುವವರೊಬ್ಬರಿಂದ ಇಯರ್‌ಫೋನ್ ತಂದು ಯಂತ್ರಕ್ಕೆ ಚುಚ್ಚಿ ಕಿವಿಗಿಟ್ಟುಕೊಂಡೆ. ಅಜ್ಜಿ, ನೀವು ಪಕ್ಕದಲ್ಲೇ ಕೂತಿದ್ದೀರಿ! ನಿಮಗೆ ನೆಗಡಿಯಾಗಿತ್ತು. ಬಳೆ ಸದ್ದು ಮಾಡುತ್ತಿತ್ತು. ದನಿ ಸ್ವಚ್ಛವಾಗಿತ್ತು, ಕೆಟ್ಟದ್ದು ಸ್ಪೀಕರು. ನಾವು ಹುಟ್ಟಿದಾಗಿನಿಂದ ಕೇಳಿದ ಮಾತನ್ನು ನೀವು ಗಟ್ಟಿಯಾಗಿ ಹೇಳಿದಿರಿ: “ಈ ಬಾವಿ ನಮ್ಮದು. ನಮ್ಮ ಮಾವ ತೋಡ್ಸಿದ್ದು. ಇದನ್ನ ಯಾರಿಗೂ ಬರದು ಕೊಡಬ್ಯಾಡ್ರಿ.” ಅಷ್ಟರಲ್ಲಿ ಹಿಂದೆ ಯಾರೋ ಮಗ್ಗ ಶುರು ಮಾಡಿದರು. ಹಬ್ಬದಲ್ಲಿ ವಾಲ್ಯೂಮನ್ನು ಪೂರಾ ಏರಿಸಿದಾಗ ಆ ಮಗ್ಗದ ಬಡಿತಕ್ಕೇ ಹರಿದ ಸ್ಪೀಕರು ಅದುರಿ ಉಳಿದದ್ದನ್ನೆಲ್ಲ ನುಂಗುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತೆಂದೇ ನಾವು ತಿಳಿದಿದ್ದೆವು. ಮುಗಿದಿರಲಿಲ್ಲ. ಮಗ್ಗದ ಸದ್ದಿನ ಅಡಿಯಲ್ಲಿ ನೀವು ಮೆಲ್ಲಗೆ ಹೇಳುತ್ತಿದ್ದಿರಿ: “ಆದ್ರ ಕೀಲಿ ಹಾಕಬ್ಯಾಡ್ರೆಪಾ. ನಾ ಮದಿವ್ಯಾಗಿ ಬಂದಾಗ ಈ ಊರಾಗ ನನ್ನ ಮಾತಾಡ್ಸಿದಾರು ಹಿಂದಿನ ಓಣಿ ಹೆಣಮಕ್ಕಳು, ಇದಽ ಬಾವಿ ಕಟ್ಟಿಮ್ಯಾಲ. ಅವರ ಕೊಡ ಖಾಲಿ ಹೋಗಬಾರ್ದು.”

ಸುಳ್ಳೇಕೆ ಹೇಳಲಿ, ನಾನು ಅತ್ತುಬಿಟ್ಟೆ. ಆಮೇಲೆ ಇಯರ್‌ಫೋನನ್ನು ಅಣ್ಣನ ಕಿವಿಗಿಟ್ಟೆ. ಅವನ ಮುಖ ಸಪ್ಪಗಾಯಿತು. ಇಯರ್‌ಫೋನ್ ಕಿತ್ತು ನನ್ನ ಕೈಗಿಟ್ಟ. ಆಮೇಲೆ, “ನಾ ಏನೂ ಕೇಳಿಲ್ಲ. ನೀನೂ ಕೇಳಿಲ್ಲ. ನಾಳೆ ಹಬ್ಬದಾಗ ಹಚ್ಚಿದಂಗ ಪೂರಾ ಏರಿಸಿ ಹಚ್ಚು. ಹಿರ್ಯಾರ ದನಿ ತಗ್ಗಸೂದು ನಮ್ಮ ಮನ್ಯಾಗ ಇಲ್ಲ” ಎಂದ. ಅವನು ಕೆಟ್ಟವನಲ್ಲ ಅಜ್ಜಿ. ಗಂಡ ಸತ್ತು ನಾನು ಬಂದಾಗ ಒಂದು ಮಾತೂ ಆಡದೆ ಕೋಣೆ ತೆರವು ಮಾಡಿಕೊಟ್ಟವನು. ಕೊಪ್ಪರಿಗೆ ನಿಂತರೆ ಅವನ ಮಕ್ಕಳ ಗತಿ ಏನು ಎಂದು ಯೋಚಿಸುತ್ತಾನೆ. ನಾನು ಉಣ್ಣುವುದೂ ಅದೇ ಒಲೆಯ ಅನ್ನ. ಅದಕ್ಕೇ ನನಗೆ ಇಷ್ಟು ಸಂಕಟ.

ಆದರೂ ರಿಪೇರಿ ನಿಲ್ಲಿಸಲಿಲ್ಲ. ದನಿಯನ್ನು ಇನ್ನಷ್ಟು ಚೆಂದ ಮಾಡುತ್ತೇನೆಂದು ಹೇಳಿಕೊಳ್ಳುವ ಒಂದು ಸೆಟ್ಟಿಂಗ್ ಇತ್ತು, ಅದನ್ನು ಬಂದ್ ಮಾಡಿದೆ. ಅರ್ಧ ಕಿರಿಕಿರಿ ಅದರದ್ದೇ. ಮೆತ್ತೆ ತೆಗೆದು ಯಂತ್ರವನ್ನು ಹಲಗೆಯ ಮೇಲಿಟ್ಟೆ. ಮೆತ್ತನೆಯ ಕುಂಚದಿಂದ ತೂತುಗಳ ವಿಭೂತಿ ಉದುರಿಸಿದೆ. ಎಡಗಡೆಯ ಸ್ಪೀಕರು ಪೂರ್ತಿ ಹರಿದಿದೆ, ಅದಕ್ಕೆ ಮದ್ದಿಲ್ಲ. ದನಿಯನ್ನೆಲ್ಲ ಬಲಗಡೆಗೆ ತಿರುಗಿಸಿದೆ. ಕಡೆಗೆ ಕಣ್ಣು ಮುಚ್ಚಿಕೊಂಡು ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗಿಳಿಸಿದೆ. ಗೊರಗೊರ ನಿಂತಿತು. ಮಗ್ಗ ಮಗ್ಗದ ಹಾಗೆ ಕೇಳಿಸಿತು, ನೀವು ನಿಮ್ಮ ಹಾಗೆ. ದನಿ ಸಣ್ಣದು, ಹತ್ತಿರ ಬಂದು ಬಗ್ಗಿದರೆ ಮಾತ್ರ ತಿಳಿಯುತ್ತದೆ. ಬಲಗಡೆಯದೂ ಆಗಲೇ ನಡುಗುತ್ತಿದೆ. ಇನ್ನೊಮ್ಮೆ ಪೂರಾ ಏರಿಸಿದರೆ ಅದೂ ಹರಿದುಹೋಗುತ್ತದೆ, ಆಮೇಲೆ ನೀವು ಯಾರಿಗೂ ಏನೂ ಹೇಳಲಾರಿರಿ.

ಅಣ್ಣನಿಗೆ ನಾನಿನ್ನೂ ಏನೂ ಹೇಳಿಲ್ಲ. ಅವನು ಮಖಮಲ್ಲಿನ ಮೆತ್ತೆ ಒಗೆಸಿ ಅಂಗಳದಲ್ಲಿ ಒಣಗಲು ಹಾಕಿಸಿದ್ದಾನೆ.

ನಾಳೆ ಮೆತ್ತೆ ಒಯ್ಯುವುದಿಲ್ಲ, ಹಲಗೆ ಒಯ್ಯುತ್ತೇನೆ. ಎಲ್ಲರೆದುರು ನಿಮ್ಮ ದನಿ ತಗ್ಗಿಸುತ್ತೇನೆ. ಮನೆಯವರೆಲ್ಲ ಥೂ ಎನ್ನಬಹುದು, ಸಂಜೆಗೆ ನನ್ನ ಕೋಣೆ ನನ್ನದಾಗಿ ಉಳಿಯದೆ ಇರಬಹುದು. ಪಂಚರ ಪಕ್ಕದಲ್ಲಿ ಖಾಜಾಬಿಯನ್ನೂ ಹತ್ತಿರ ಕೂರಿಸಿ ಎಂದು ಕೇಳುತ್ತೇನೆ, ಆಕೆಗೆ ಬಗ್ಗಲು ಬರುವುದಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ನೀವಿನ್ನೂ ದನಿ ಹಿಡಿದಿಡಲು ಆ ಲ್ಯಾಪ್‌ಟಾಪಿನ ಮುಂದೆ ಕೂತಿರದಿದ್ದರೆ, ದಯವಿಟ್ಟು ಮಗ್ಗ ನಿಲ್ಲಿಸಲು ಹೇಳಿ. ಮೂಗು ಒರೆಸಿಕೊಳ್ಳಿ. ಬಾವಿ ಯಾರದೆಂಬುದನ್ನು ಕಡೆಗೆ ಹೇಳಿದರೂ ನಡೆಯುತ್ತದೆ. ಕೀಲಿಯ ಮಾತನ್ನು ಮೊದಲು ಹೇಳಿ, ಗಟ್ಟಿಯಾಗಿ ಹೇಳಿ. ಆಗ ಅಣ್ಣನ ಎದುರು ನಿಲ್ಲುವ ಕೆಲಸ ನನಗೆ ಉಳಿಯುವುದಿಲ್ಲ.

ನಿಮ್ಮ
ತುಂಗವ್ವ