ಎದುರು ಮನೆಯ ಡಬ್ಬಿ

ಏಪ್ರಿಲ್ 17, ಗುರುವಾರ. ಸಂಜೆ 6

ಇವತ್ತೂ ಅದೇ ಕೆಲಸ. ಇಂಗ್ಲಿಷ್ ಪಾಠದ ಕುಬೋ ಸರ್ ನನ್ನ ಕಡೆ ತಲೆ ಆಡಿಸುತ್ತಾರೆ, ನಾನು ಪುಸ್ತಕದ ಒಂದು ವಾಕ್ಯ ಓದುತ್ತೇನೆ, ಮಕ್ಕಳೆಲ್ಲ ಒಟ್ಟಿಗೆ ಹೇಳುತ್ತಾರೆ. ಮತ್ತೆ ತಲೆ, ಮತ್ತೆ ವಾಕ್ಯ. ಎಂ.ಎ. ಇಂಗ್ಲಿಷ್, ಕಾರವಾರದಲ್ಲಿ ಹೈಸ್ಕೂಲು ಮಾಸ್ತರಿಕೆ, ಎಲ್ಲ ಮುಗಿಸಿ ಜಪಾನಿನ ಈ ಮೂಲೆಗೆ ಬಂದದ್ದು ಟೇಪ್ ರೆಕಾರ್ಡರ್ ಆಗಲಿಕ್ಕೆ! ಸರ್ ತುಂಬ ಒಳ್ಳೆಯವರು, ಹಾಗಾಗಿ ಸಿಟ್ಟು ಮಾಡಿಕೊಳ್ಳಲಿಕ್ಕೂ ಆಗುವುದಿಲ್ಲ.

ಮಧ್ಯಾಹ್ನ ಮಕ್ಕಳ ಜೊತೆ ಕ್ಲಾಸಿನಲ್ಲೇ ಊಟ. ಸುಟ್ಟ ಬಂಗಡೆ. ಕೊನೆಗೆ ನನ್ನ ತಟ್ಟೆಯಲ್ಲಿ ಉಳಿದದ್ದು ನಡುಮುಳ್ಳು ಮಾತ್ರ. ಹಿಂದಿನ ಸಾಲಿನವರು ಎದ್ದು ಬಂದು ನೋಡಿ ಹೋದರು. ಹೆಡ್‌ಮಾಸ್ಟರರಿಗೂ ಸುದ್ದಿ ಮುಟ್ಟಿತಂತೆ. ಅಂತೂ ಒಂದು ವಿಷಯದಲ್ಲಿ ಪಾಸು.

ಗುಡ್ಡ, ಕಡಲು, ನಡುವೆ ಒಂದೇ ರಸ್ತೆ — ಊರು ನೋಡಿದರೆ ಥೇಟ್ ನಮ್ಮ ಕಡೆಯದೇ. ಆದರೆ ಶಾಲೆ ಬಿಟ್ಟ ಮೇಲೆ ಮಾತಿಗೆ ಯಾರೂ ಇಲ್ಲ. ಎಲ್ಲರೂ ತಲೆ ಬಾಗಿಸುತ್ತಾರೆ, ನಾನೂ ಬಾಗಿಸುತ್ತೇನೆ. ಹೋದ ಭಾನುವಾರ ಬಾಯಿ ತೆರೆದದ್ದು ಹಲ್ಲುಜ್ಜಲಿಕ್ಕೆ ಮತ್ತು ಉಣ್ಣಲಿಕ್ಕೆ, ಅಷ್ಟೇ.

ಏಪ್ರಿಲ್ 20, ಭಾನುವಾರ

ಬೆಲ್ ಆಯಿತು. ಎದುರು ಮನೆಯ ಅಜ್ಜಿ. ತೆರಾದಾ ಅಂತ ಹೆಸರು. ಎಪ್ಪತ್ತು ದಾಟಿರಬೇಕು, ಆದರೂ ಇಡೀ ದಿನ ಮನೆಮುಂದಿನ ತರಕಾರಿ ಮಡಿಯಲ್ಲೇ ಇರುತ್ತಾರೆ. ಕೈಯಲ್ಲಿ ನೀಲಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಏನೋ ಹೇಳಿದರು, ಒಂದು ಶಬ್ದವೂ ತಿಳಿಯಲಿಲ್ಲ. ಕೊಟ್ಟರು, ಹೋದರು.

ತೆರೆದರೆ — ಕಳಲೆ! ಬೇಯಿಸಿದ ಎಳೇ ಬಿದಿರ ಕಳಲೆ! ಅಲ್ಲೇ ನಿಂತು ಎರಡು ಹೋಳು ಬಾಯಿಗೆ ಹಾಕಿದೆ. ಅಂಕೋಲೆಯ ಮನೆಗೆ ವಿಡಿಯೋ ಕಾಲ್ ಮಾಡಿ ಆಯಿಗೆ ತೋರಿಸಿದೆ.

"ಅಯ್ಯ ತಮಾ, ಅಲ್ಲೂ ಕಳಲೆ ಸಿಕ್ತದ್ಯಾ? ನಮ್ಮಲ್ಲಿ ಮಳೆ ಬೀಳ್ದೇ ಕಾಣೂಕೂ ಸಿಕ್ಕೂದಿಲ್ಲಾ!"

ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಿತು ಅನ್ನಿಸಿತು. ಆ ಅಜ್ಜಿಗೆ ಒಳ್ಳೆಯದಾಗಲಿ.

ಏಪ್ರಿಲ್ 22

ಡಬ್ಬಿ ವಾಪಸ್ ಕೊಟ್ಟೆ. ಖಾಲಿ ಕೊಡಬಾರದು, ಇಷ್ಟು ನನಗೂ ಗೊತ್ತು. ಅಪ್ಪ ಅಣು ವಿದ್ಯುತ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾಗ ನಾವಿದ್ದದ್ದು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ಬಾಜೂಮನೆ ತಮಿಳರು, ಮೇಲಿನ ಮನೆ ಬಂಗಾಳಿಗಳು. ಯಾರ ಡಬ್ಬಿ ಬಂದರೂ ಆಯಿ ಏನಾದರೂ ತುಂಬಿಸಿಯೇ ಕಳಿಸುತ್ತಿದ್ದಳು. ಏನೂ ಇಲ್ಲದ ದಿನ ಸಕ್ಕರೆ. ಒಯ್ದು ಕೊಡುವ ಡ್ಯೂಟಿ ನನ್ನದು.

ಊರಿಂದ ತಂದ ಗೋಡಂಬಿ ಹಾಕಿ ಕೊಟ್ಟೆ. ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಸೊಂಟದ ತನಕ ಬಗ್ಗಿದರು.

ಏಪ್ರಿಲ್ 23

ಡಬ್ಬಿ ಮತ್ತೆ ಬಂತು! ಈ ಸಲ ಬಟಾಣಿ ಅನ್ನ.

ಮೇ 18

ಡಬ್ಬಿ ಆಚೆ ಈಚೆ ಓಡಾಡುತ್ತಲೇ ಇದೆ. ನಾನು ಒಗ್ಗರಣೆ ಅವಲಕ್ಕಿ ಕೊಟ್ಟರೆ ಅಲ್ಲಿಂದ ಒಣಮೀನು. ನಾನು ಚಿತ್ರಾನ್ನ ಕೊಟ್ಟರೆ ಅಲ್ಲಿಂದ ಸ್ಟ್ರಾಬೆರಿ. ಅದರಿಂದ ಆದ ದೊಡ್ಡ ಉಪಕಾರ ಅಂದರೆ ಮಾತು. ಪ್ರತಿ ಸಲ ಬಾಗಿಲಲ್ಲಿ ಹತ್ತು ನಿಮಿಷ. ಅಜ್ಜಿ ತೋರಿಸುತ್ತಾರೆ, ಹೆಸರು ಹೇಳುತ್ತಾರೆ, ನಾನು ಹೇಳಬೇಕು. ತಪ್ಪಿದರೆ ಮತ್ತೆ. ಶಾಲೆಯಲ್ಲಿ ನಾನು ಟೇಪ್ ರೆಕಾರ್ಡರ್, ಮನೆ ಬಾಗಿಲಲ್ಲಿ ವಿದ್ಯಾರ್ಥಿ. ಯಾವ ಕಸ ಯಾವ ದಿನ ಇಡಬೇಕು ಅಂತ ಕಲಿಸಿದ್ದೂ ಅವರೇ. ನಾನು ಇಟ್ಟ ಚೀಲವನ್ನು ತಿರುಗಿ ತಂದು, ಎದುರಿಗೇ ಬಿಚ್ಚಿ, ಬಾಟಲಿ ಬೇರೆ, ಮುಚ್ಚಳ ಬೇರೆ ಮಾಡಿಸಿದರು. ಬೈಸಿಕೊಂಡು ಇಷ್ಟು ಖುಷಿಯಾದದ್ದು ಇದೇ ಮೊದಲು.

ಜೂನ್ 15

ಹುಳಿಗೆ ಊರಿಂದ ತಂದ ಮುರುಗಲ ಸಿಪ್ಪೆ ಹಾಕಿ ಬಂಗಡೆ ಸಾರು ಮಾಡಿದೆ. ಆಯಿ ಫೋನಿನಲ್ಲೇ ನಿಂತು ಮಾಡಿಸಿದಳು. ತೆಂಗಿನಕಾಯಿ ಪುಡಿ ಪ್ಯಾಕೆಟ್ಟಿನದು, ಅದನ್ನು ಅವಳಿಗೆ ಹೇಳಲಿಲ್ಲ. ಡಬ್ಬಿ ತುಂಬ ಕೊಟ್ಟೆ.

ಜೂನ್ 19

ಡಬ್ಬಿಯೊಳಗೆ ಪೇಟೆಯ ಅಂಗಡಿಯ ಕೇಕು, ಒಂದೊಂದಕ್ಕೂ ಬೇರೆ ಬೇರೆ ಕಾಗದ ಸುತ್ತಿದ್ದು. ಜೊತೆಗೆ ಇಡೀ ಒಂದು ಕರಬೂಜ. ಇಷ್ಟೊಂದಾ! ನಾನೂ ಕಡಿಮೆ ಮಾಡುವ ಹಾಗಿಲ್ಲ ಇನ್ನು. ಅಜ್ಜಿ ಯಾಕೋ ಬೇಗ ಹೊರಟರು, ಇವತ್ತು ಪಾಠ ಆಗಲಿಲ್ಲ.

ಜೂನ್ 27, ಶುಕ್ರವಾರ

ಬರೆಯಲಿಕ್ಕೇ ಮನಸ್ಸಿಲ್ಲ. ಬರೆದರೆ ಹಗುರಾದೀತು.

ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕುಬೋ ಸರ್ ಪಕ್ಕ ಬಂದು ಕೂತರು. ಮೊದಲು ಕ್ಷಮೆ ಕೇಳಿದರು. ಆಮೇಲೆ ಅವರ ಆ ನಿಧಾನದ ಇಂಗ್ಲಿಷಿನಲ್ಲಿ —

"ತೆರಾದಾ ಅವರು ನಮ್ಮ ತಾಯಿಯ ಗೆಳತಿ. ನಿಮ್ಮ ಮೇಲೆ ತುಂಬ ಪ್ರೀತಿ ಅವರಿಗೆ. ಆದರೆ ನೀವು ಕೊಟ್ಟರೆ ಅವರು ತಿರುಗಿ ಕೊಡಲೇಬೇಕು. ಇಲ್ಲಿ ಹಾಗೆ. ಮನೆಯಲ್ಲಿ ಬೆಳೆದದ್ದು ಸಾಲದೆ ಈಗ ಬಸ್ಸು ಹಿಡಿದು ಪೇಟೆಗೆ ಹೋಗಿ ತರುತ್ತಿದ್ದಾರೆ. ಮಂಡಿ ನೋವು ಬೇರೆ. ಇದನ್ನು ಹೇಗಪ್ಪಾ ನಿಲ್ಲಿಸುವುದು ಅಂತ ನಮ್ಮ ತಾಯಿಯ ಹತ್ತಿರ ಕೇಳಿದರಂತೆ."

ಅವರು ಕೊಟ್ಟರೆಂದು ನಾನು, ನಾನು ಕೊಟ್ಟೆನೆಂದು ಅವರು... ಸಂಭ್ರಮ ಅಂದುಕೊಂಡಿದ್ದೆ. ಮಂಡಿ ಹಿಡಿದುಕೊಂಡು ಬಸ್ಸು ಹತ್ತಿಸಿದ್ದೇನೆ ಆ ಅಜ್ಜಿಯನ್ನು.

ಜುಲೈ 9

ಡಬ್ಬಿ ನನ್ನ ಅಡುಗೆಮನೆಯಲ್ಲೇ ಇದೆ. ತುಂಬಿಸಿ ಕೊಟ್ಟರೆ ಮತ್ತೆ ಅವರಿಗೆ ಬಸ್ಸು. ಖಾಲಿ ಕೊಡಲಿಕ್ಕೆ ಕೈ ಬರುವುದಿಲ್ಲ. ಖಾಲಿ ಡಬ್ಬಿ ಅಂದರೆ ಇನ್ನು ಸಾಕು, ನಿಮ್ಮ ಸಹವಾಸ ಬೇಡ ಅಂದ ಹಾಗೆ. ನನ್ನ ತಲೆಯಲ್ಲಿ ಕೂತಿರುವುದು ಹಾಗೇ.

ಬೆಳಿಗ್ಗೆ ಅಜ್ಜಿ ಮಡಿಯಿಂದಲೇ ಕೈ ಎತ್ತಿದರು. ನಾನು ಬಗ್ಗಿ, ಶಾಲೆಗೆ ಲೇಟಾದವನ ಹಾಗೆ ಓಡಿದೆ. ಲೇಟೇನೂ ಆಗಿರಲಿಲ್ಲ. ಈ ಊರಲ್ಲಿ ನನಗೆ ಸಿಕ್ಕಿದ್ದು ಒಬ್ಬರೇ ಒಬ್ಬರು, ಅವರನ್ನೂ ಒಂದು ಡಬ್ಬಿಗಾಗಿ ಕಳೆದುಕೊಳ್ಳುತ್ತಿದ್ದೇನೆ.

ಜುಲೈ 18

ನಾಳೆಯಿಂದ ಬೇಸಿಗೆ ರಜೆ, ನಾನು ಊರಿಗೆ. ಸೆಪ್ಟೆಂಬರಿಗೆ ತಿರುಗಿ ಬರುವುದು ಖಾತ್ರಿಯೇ ಅಂತ, ನನ್ನನ್ನು ಈ ಶಾಲೆಗೆ ಕಳಿಸಿದ ಕಂಪನಿಯವರ ಮೆಸೇಜು. ಉತ್ತರ ಹಾಕಿಲ್ಲ.

ಕ್ಲಾಸು ಬಿಡುವಾಗ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಿದಳು, "ತಿರುಗಿ ಬರುತ್ತೀರಾ?" ಪುಸ್ತಕದಲ್ಲಿಲ್ಲದ ವಾಕ್ಯ. ಕುಬೋ ಸರ್ ತಲೆ ಆಡಿಸಿರಲಿಲ್ಲ. ಕಣ್ಣು ತುಂಬಿತು, ಕಿಟಕಿ ಕಡೆ ತಿರುಗಿದೆ.

ಜುಲೈ 29. ಅಂಕೋಲೆ

ಧೋ ಮಳೆ. ನಾಗರ ಪಂಚಮಿ. ಬೆಳಿಗ್ಗೆ ಗದ್ದೆಯಾಚೆ ಮನೆಯ ಬೀರಕ್ಕ ಅರಿಶಿನ ಎಲೆ ತಂದು ಕೊಟ್ಟಳು, ಆಯಿ ಅದರಲ್ಲಿ ಸುತ್ತಿ ಪಾತೋಳಿ ಕಡುಬು ಬೇಯಲಿಟ್ಟಳು. ಇಡೀ ಮನೆ ಘಮಘಮ. ಅಪ್ಪ ರಿಟೈರ್ ಆಗಿ ಇಲ್ಲಿ ಮನೆ ಕಟ್ಟಿಸಿದ್ದು ಈಚೆಗೆ. ಅಂದಿನಿಂದ ಆಯಿಗೂ ಬೀರಕ್ಕನಿಗೂ ದೋಸ್ತಿ.

ಮಧ್ಯಾಹ್ನ ಮತ್ತೆ ಬಂದಳು. ಮಳೆಗೆ ಹೊದ್ದ ಕೊಪ್ಪೆ ಬಾಗಿಲಲ್ಲಿಟ್ಟು, ಹೆಚ್ಚಿ ನೆನೆಸಿದ ಕಳಲೆಯ ಪಾತ್ರೆ ಮುಂದೆ ಮಾಡಿದಳು. ಆಯಿ ಕಳಲೆ ಸುರಿದುಕೊಂಡಳು, ಪಾತ್ರೆ ತೊಳೆದಳು, ಬೀರಕ್ಕನ ಕೈಗೆ ಕೊಟ್ಟಳು. ಖಾಲಿ!

"ಆಯಿ, ಎಂತದೇ ಇದು? ಎಂತಾದ್ರೂ ಹಾಕಿ ಕೊಡು!"

ಇಬ್ಬರೂ ನನ್ನ ಮುಖ ನೋಡಿದರು. ಬೀರಕ್ಕ ಅಂದಳು, "ಎಂತಕೆ ತಮಾ? ನಾ ಎಂತಾ ಹೊರಗ್ನವಳಾ?"

ಆಯಿಗೆ ನಗು. "ಅಂವ ಕ್ವಾರ್ಟರ್ಸಲ್ಲಿ ಬೆಳ್ದಂವ ಬೀರಿ. ಅಲ್ಲಿ ಎಲ್ಲಾರೂ ಹೊಸಬ್ರು. ಯಾರು ಎಂತಾ ತಿಳ್ಕಂತಾರೋ ಹೇಳಿ ತುಂಬ್ಸಿ ತುಂಬ್ಸಿ ಕಳಸ್ತಿದ್ದೆ. ಅದನ್ನೇ ಹಿಡ್ಕಂಡು ಕೂತಾನೆ."

ಬೀರಕ್ಕ ಒಲೆಯ ಬದಿಗೆ ಕೂತು ಪಾತೋಳಿಯ ಎಲೆ ಬಿಡಿಸಿದಳು. ತಿಂದಳು. "ಇನ್ನೊಂದ್ ಹಾಕೇ," ಅಂತ ಕೇಳಿ ಹಾಕಿಸಿಕೊಂಡಳು. ಖಾಲಿ ಪಾತ್ರೆ ಸೊಂಟಕ್ಕಿಟ್ಟುಕೊಂಡು ಮಳೆಯಲ್ಲಿ ಹೋದಳು.

ತಡೆಯಲಿಲ್ಲ. ತೆರಾದಾ ಅಜ್ಜಿಯ ಕತೆ ಪೂರ್ತಿ ಹೇಳಿದೆ. ಆಯಿಯ ನಗು ನಿಂತಿತು.

"ಮಂಡಿ ನೋವಿನವ್ರನ್ನ ಬಸ್ಸಲ್ಲಿ ಓಡಾಡ್ಸಿದ್ಯಾ? ಮೇಲಿಂದ ಮುಖಾ ತಪ್ಪಿಸ್ಕಂಡು ಬಂದ್ಯಾ?"

"ಎಂತಾ ಮಾಡೂದಾಗಿತ್ತು ಹಂಗಾರೆ?"

"ಖಾಲಿ ಕೊಡು. ಹೋಗಿ ಕೊಡು."

"ಅವ್ರಿಗೆ ಬೇಜಾರಾದ್ರೆ?"

"ಆಗ್ಲಿ. ಬೈದ್ರೆ ಬೈಸ್ಕ. ಅಲ್ಲೇ ನಿಂತ್ಕ, ಓಡ್ಬೇಡ. ನಮ್ಮವ್ರು ಅಂದ್ಕಂಡ್ರೆ ಅಷ್ಟೂ ಮಾಡೂಕಾಗ್ದೇ ಇದ್ರೆ ಹೆಂಗೆ?"

ಆಗಸ್ಟ್ 3

ಕಾರವಾರಕ್ಕೆ ಹೋಗಿದ್ದೆ. ಹಳೇ ಶಾಲೆಯ ಭಾಸ್ಕರ ಸರ್ ಸಿಕ್ಕರು. "ಬಂದ್ಬಿಡೋ ಮಾರಾಯಾ, ನಿನ್ ಜಾಗಾ ಇನ್ನೂ ಖಾಲಿನೇ ಉಂಟು," ಅಂದರು. ಕಡಲ ದಂಡೆಗೆ ಕರೆದೊಯ್ದು ಚಹಾ ಕುಡಿಸಿದರು. ಒಳ್ಳೆಯ ಮನುಷ್ಯ, ಮನಸ್ಸಿನಿಂದಲೇ ಹೇಳಿದ್ದು. ಬಂದುಬಿಟ್ಟರೆ ಎಷ್ಟು ಸುಖ! ತಾಜಾ ಮೀನು, ನಮ್ಮ ಮಾತು.

ತಿರುಗಿ ಬರುವಾಗ ಬಸ್ಸು ಅರ್ಗಾದಲ್ಲಿ ನಿಂತಿತು. ನೇವಿಯವರ ಮನೆಯ ಹೆಂಗಸೊಬ್ಬರು, ಉತ್ತರ ಭಾರತದ ಕಡೆಯವರು, ಮಗು ಎತ್ತಿಕೊಂಡು ಹತ್ತಿದರು. ಪಕ್ಕದ ಮೀನಿನ ಬುಟ್ಟಿಯವಳು ಗುರುತು ಪರಿಚಯ ಇಲ್ಲದೆಯೇ, "ಕೊಡೇ ಇಲ್ಲಿ," ಅಂತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಆ ಹೆಂಗಸಿನ ಮುಖದಲ್ಲಿ ಹೆದರಿಕೆ, ಸಮಾಧಾನ, ಎರಡೂ. ಅದು ನನ್ನದೇ ಮುಖ. ಅಜ್ಜಿ ಕಳಲೆ ತಂದುಕೊಟ್ಟ ದಿನದ್ದು.

ಬಸ್ಸಿನಲ್ಲೇ ಕಂಪನಿಗೆ ಉತ್ತರ ಹಾಕಿದೆ. ಬರುತ್ತೇನೆ.

ಆಗಸ್ಟ್ 24, ಭಾನುವಾರ

ಬಂದೆ. ಬ್ಯಾಗು ಇನ್ನೂ ಬಿಚ್ಚಿಲ್ಲ, ಮೊದಲು ಡಬ್ಬಿ. ತೊಳೆದೆ, ಒರೆಸಿದೆ. ಆಯಿ ಕಟ್ಟಿಕೊಟ್ಟ ಗೋಡಂಬಿ ಪೊಟ್ಟಣ ಎರಡು ಸಲ ಕೈಗೆ ಬಂತು. ಇಟ್ಟೆ.

ವಿಮಾನದಲ್ಲಿ ಬಾಯಿಪಾಠ ಮಾಡಿದ ಜಪಾನಿ ವಾಕ್ಯ ಬಾಗಿಲಲ್ಲಿ ಹೇಳಿದೆ, "ಇವತ್ತು ಏನೂ ತಂದಿಲ್ಲ. ನಿಮ್ಮನ್ನು ನೋಡಲಿಕ್ಕೆ ಬಂದೆ." ಅಜ್ಜಿ ಮುಚ್ಚಳ ತೆರೆದರು. ಒಳಗೆ ನೋಡಿದರು. ನನ್ನನ್ನು ನೋಡಿದರು. "ಹಾಗೋ," ಅಂದರು. ಬಗ್ಗಿದರು. ಬಾಗಿಲು ಹಾಕಿಕೊಂಡರು.

ಅಷ್ಟೇ.

ಆಗಸ್ಟ್ 27

ಏನೂ ಇಲ್ಲ. ಮಡಿಯಲ್ಲೂ ಕಾಣುವುದಿಲ್ಲ. ಊರಲ್ಲಿ ಇವತ್ತು ಚೌತಿ. ಆಯಿ ಗಣಪತಿಯನ್ನು ಫೋನಿನಲ್ಲಿ ತೋರಿಸಿದಳು. ಅಜ್ಜಿ ಎಂತಾ ಅಂದ್ರು ಅಂತ ಕೇಳಿದಳು. ಏನೂ ಅಂದಿಲ್ಲ ಅಂದೆ. "ನಿಂತ್ಕ," ಅಂದಳು.

ನಿಂತಿದ್ದೇನೆ. ತಪ್ಪೇ ಆಗಿದ್ದರೂ ಸರಿ, ಓಡುವುದಿಲ್ಲ. ಗುರುತಿಲ್ಲದ ನನಗೆ ಕಳಲೆ ತಂದು ಕೊಟ್ಟವರು. ಇನ್ನು ಮುಂದೆ ಮಾತೇ ಆಡದಿದ್ದರೂ ಆ ಉಪಕಾರ ನನ್ನ ಮೇಲಿದ್ದೇ ಇದೆ.

ಆಗಸ್ಟ್ 31, ಭಾನುವಾರ. ಬೆಳಿಗ್ಗೆ

ನಾಳೆ ಶಾಲೆ. ಮೊದಲ ಪೀರಿಯಡ್ ಪೂರ್ತಿ ನಿಮಗೇ ಅಂತ ಕುಬೋ ಸರ್ ಮೆಸೇಜು ಹಾಕಿದ್ದಾರೆ. ಪುಸ್ತಕ ಬೇಡವಂತೆ, ನಿಮ್ಮ ಊರಿನ ಬಗ್ಗೆ ಹೇಳಿ ಅಂತ. ಟೇಪ್ ರೆಕಾರ್ಡರಿಗೆ ಪ್ರಮೋಷನ್! ಎಲ್ಲಿಂದ ಶುರು ಮಾಡಲಿ? ಕಡಲಿಂದ? ಬಂಗಡೆ ಅಂದರೆ ಅವರಿಗೆ ಬೇಗ —

ಬಾಗಿಲು ಸರಿದ ಸದ್ದು. ಬೆಲ್ ಆಗಲಿಲ್ಲವಲ್ಲ. ಯಾರು?

ಅಜ್ಜಿ! ಚಪ್ಪಲಿ ಬಿಟ್ಟು ಸೀದಾ ಒಳಗೇ ಬಂದು, ನನ್ನ ಮೇಜಿನ ಮುಂದೆ, ಮಂಡಿ ನೀವಿಕೊಳ್ಳುತ್ತಾ ಕೂತೇ ಬಿಟ್ಟರು. ಇಷ್ಟು ದಿನ ಹೊಸ್ತಿಲು ದಾಟಿದವರಲ್ಲ. ಡಬ್ಬಿ ಇಲ್ಲ. ಚೀಲ ಇಲ್ಲ. ಎರಡೂ ಕೈ ಬಿಡಿಸಿ ನನ್ನ ಮುಂದೆ ಹಿಡಿದು, ನೋಡು, ನಾನೂ ಏನೂ ತಂದಿಲ್ಲ ಅಂತ ನಗುತ್ತಿದ್ದಾರೆ. ಬರೆದದ್ದು ಸಾಕು, ಚಹಾ ಇಡು ಅನ್ನುತ್ತಿದ್ದಾರೆ. ಇಟ್ಟು ಬರು —